ಅಂತೆ ಎಂಬ ಎರಡಕ್ಷರ

ಚನ್ನಪಟ್ಟಣದಿಂದ ಸಾತನೂರಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಬೆಳಿಗ್ಗೆ ಆರೂವರೆಗೆಲ್ಲ ಡೇರಿ ಮುಂದೆ ಕ್ಯಾನು, ಚೊಂಬು, ಸ್ಟೀಲ್ ಬಕೆಟ್ಟು ಹಿಡಿದವರ ಸಾಲು ನಿಂತಿರುತ್ತದೆ. ಅಳೆಯುವ ಹುಡುಗ ಒಂದೊಂದು ಮನೆಯ ಹಾಲಿನಿಂದಲೂ ಒಂದಿಷ್ಟು ತೆಗೆದು ಯಂತ್ರಕ್ಕೆ ಹಿಡಿಯುತ್ತಾನೆ. ಕೊಬ್ಬು ಎಷ್ಟು, ನೀರು ಬೆರೆತಿದೆಯೋ ಇಲ್ಲವೋ ಎಂಬುದು ಯಂತ್ರದಲ್ಲಿ ಕಾಣುತ್ತದೆ. ಕಳೆದ ಸಲ ಊರಿಗೆ ಹೋದಾಗ ಆ ಸಾಲಿನಲ್ಲಿ ಕಿವಿಗೆ ಬಿದ್ದ ಮಾತು ಇದು.

"ತೆಂಗಿನಕಲ್ಲು ಕಾಡಿಂದ ಆನೆ ಇಳ್ದವಂತೆ ಕಣಣ್ಣ."

"ಯಾರ್ ಕಂಡೋರು?"

"ನಮ್ ಭಾವ ಹೇಳುದ್ರು. ಅವ್ರೂ ಆನೆ ಕಂಡಿಲ್ವಂತೆ. ತೋಟದಲ್ಲಿ ಲದ್ದಿ ಬಿದ್ದಿತ್ತಂತೆ, ಬಾಳೆ ಮುರಿದಿತ್ತಂತೆ."

"ಲದ್ದಿ ಹಸಿದಾ, ಒಣಗಿದ್ದಾ?"

"ಅದ ಕೇಳ್ಲಿಲ್ಲ."

ಅರ್ಧ ನಿಮಿಷವೂ ಹಿಡಿಯದ ಮಾತುಕತೆ. ಆದರೆ ಸುದ್ದಿ ಎಲ್ಲಿ ಹುಟ್ಟಿತು, ಎಷ್ಟು ಬಾಯಿ ದಾಟಿ ಬಂತು, ಕಣ್ಣಲ್ಲಿ ಕಂಡದ್ದು ಯಾವುದು, ಊಹೆ ಯಾವುದು, ಇನ್ನೂ ಗೊತ್ತಾಗದೆ ಉಳಿದದ್ದು ಯಾವುದು ಎಂಬ ಲೆಕ್ಕವೆಲ್ಲ ಅದರೊಳಗಿದೆ. ಹೇಳಿದಾಕೆ ಶಾಲೆಗೆ ಹೆಚ್ಚು ಹೋದವರಲ್ಲ. ಲೆಕ್ಕವನ್ನು ಅವರು ಬೇಕೆಂದು ಇಟ್ಟದ್ದೂ ಅಲ್ಲ. ಅವರಾಡುವ ಭಾಷೆಯೇ ಅದನ್ನು ಇಡಿಸಿತು. ಕ್ರಿಯಾಪದದ ಬಾಲಕ್ಕೆ ಅಂಟಿಕೊಳ್ಳುವ ಎರಡಕ್ಷರದ 'ಅಂತೆ' ಆ ಕೆಲಸ ಮಾಡಿತು.

'ಮಳೆ ಬಂತು' ಅಂದರೆ ನಾನು ನೋಡಿದ್ದೇನೆ, ನೆನೆದಿದ್ದೇನೆ. 'ಮಳೆ ಬಂದಿರಬೇಕು' ಅಂದರೆ ಅಂಗಳ ಒದ್ದೆಯಾಗಿದೆ, ನಾನು ಮಲಗಿದ್ದೆ. 'ಮಳೆ ಬಂತಂತೆ' ಅಂದರೆ ನನಗೆ ಇನ್ನೊಬ್ಬರು ಹೇಳಿದ್ದು. ಮೂರು ವಾಕ್ಯದಲ್ಲೂ ಮಳೆ ಒಂದೇ, ಅದು ತಿಳಿದ ದಾರಿ ಬೇರೆ. ತಿಳಿವಿನ ಮೂಲವನ್ನು ಹೀಗೆ ವ್ಯಾಕರಣದಲ್ಲೇ ಗುರುತಿಸುವ ಗುಣವನ್ನು ಭಾಷಾವಿಜ್ಞಾನಿಗಳು ಲೋಕದ ಅನೇಕ ಭಾಷೆಗಳಲ್ಲಿ ಕಂಡಿದ್ದಾರೆ. ಅಲೆಕ್ಸಾಂಡ್ರಾ ಐಖೆನ್‌ವಾಲ್ಡ್ 2004ರಲ್ಲಿ ಇದೊಂದೇ ವಿಷಯದ ಮೇಲೆ ದೊಡ್ಡ ಗ್ರಂಥ ಬರೆದರು. ತುರ್ಕಿ ಭಾಷೆಯಲ್ಲಿ ನೋಡಿದ್ದಕ್ಕೆ ಒಂದು ಪ್ರತ್ಯಯ, ಕೇಳಿದ್ದಕ್ಕೆ ಮತ್ತು ಊಹಿಸಿದ್ದಕ್ಕೆ ಇನ್ನೊಂದು. ಕೊಲಂಬಿಯಾದ ಅಮೆಜಾನ್ ಕಡೆಯ ತುಯುಕಾ ಎಂಬ ಸಣ್ಣ ಭಾಷೆಯಲ್ಲಿ ಕಣ್ಣಾರೆ ಕಂಡದ್ದು, ಕಿವಿಯಂಥ ಬೇರೆ ಇಂದ್ರಿಯದಿಂದ ತಿಳಿದದ್ದು, ಗುರುತು ನೋಡಿ ಅರಿತದ್ದು, ಇನ್ನೊಬ್ಬರಿಂದ ಕೇಳಿದ್ದು, ಹೀಗೇ ಇರುತ್ತದೆ ಎಂದುಕೊಂಡದ್ದು ಎಂದು ಐದು ಬಗೆ. ಯಾವುದೋ ಒಂದನ್ನು ಹಚ್ಚದೆ ಅಲ್ಲಿ ವಾಕ್ಯ ಮುಗಿಯದು. ಕನ್ನಡದಲ್ಲಿ ಅಷ್ಟು ಬಿಗಿಯಿಲ್ಲ. ಅಂತೆ ಬಿಟ್ಟರೂ ವಾಕ್ಯ ಸರಿಯಾಗಿಯೇ ಇರುತ್ತದೆ. ಕಾಣದ್ದನ್ನು ಕಂಡಂತೆ ಹೇಳಿದರೆ ಎದುರಿನವರ ಹುಬ್ಬು ಏರುತ್ತದೆ, ಅಷ್ಟೆ.

ರಾಮನಗರದಲ್ಲಿ ಇದನ್ನು ನೋಡಲು ರಾಮದೇವರ ಬೆಟ್ಟದ ಕೆಳಗೆ ನಿಂತರೆ ಸಾಕು. 'ಶೋಲೆ' ಚಿತ್ರ ತೆರೆಗೆ ಬಂದದ್ದು 1975ರ ಆಗಸ್ಟ್ 15ರಂದು. ಚಿತ್ರೀಕರಣ ನಡೆದದ್ದು ಅದಕ್ಕೂ ಹಿಂದೆ, ಈ ಬಂಡೆಗಳ ನಡುವೆ. ಆಗ ಹುಡುಗರಾಗಿದ್ದವರಿಗೆ ಈಗ ಅರವತ್ತು ದಾಟಿದೆ. ಅವರು 'ಇಲ್ಲಿ ಸೆಟ್ ಹಾಕಿದ್ರು, ಕುದುರೆ ಇಲ್ಲಿಂದ ಓಡ್ತು' ಅನ್ನುತ್ತಾರೆ. ಅವರ ಮಕ್ಕಳು ಅದೇ ಜಾಗ ತೋರಿಸಿ 'ಇಲ್ಲಿ ಸೆಟ್ ಹಾಕಿದ್ರಂತೆ' ಅನ್ನುತ್ತಾರೆ. ಒಂದು ತಲೆಮಾರು ಕಳೆದದ್ದು ಕ್ರಿಯಾಪದದಲ್ಲೇ ಗೊತ್ತಾಗುತ್ತದೆ. ಹತ್ತಿರದಲ್ಲೇ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಹೋದರೆ ಎಷ್ಟೋ ತಲೆಮಾರು ದಾಟಿ ಬಂದ ಹಾಡು, ಕತೆಗಳೆದುರು ನಿಲ್ಲುತ್ತೇವೆ. ಅಜ್ಜಿ ಹೇಳುವ ಕತೆ 'ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ' ಎಂದೇ ಶುರುವಾಗುತ್ತದೆ. ಇದು ನಾನು ಕಂಡದ್ದಲ್ಲ ಮಗು ಎಂದು ಮೊದಲ ವಾಕ್ಯದಲ್ಲೇ ಒಪ್ಪಿಕೊಂಡು ಮುಂದೆ ಹೋಗುವ ಕ್ರಮ ಅದು.

ಬಾಯಿಂದ ಬಾಯಿಗೆ ಹೋಗುವಾಗ ಕತೆಗೆ ಏನಾಗುತ್ತದೆ ಎಂಬುದನ್ನು ಪ್ರಯೋಗಕ್ಕೆ ಒಡ್ಡಿದವರಲ್ಲಿ ಕೇಂಬ್ರಿಜ್ಜಿನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ ಮೊದಲಿಗರು. ಅವರ ಪುಸ್ತಕ ಬಂದದ್ದು 1932ರಲ್ಲಿ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕತೆಯನ್ನು ಒಬ್ಬರಿಗೆ ಓದಲು ಕೊಟ್ಟು, ಅವರು ನೆನಪಿನಿಂದ ಬರೆದದ್ದನ್ನು ಇನ್ನೊಬ್ಬರಿಗೆ, ಅವರು ಬರೆದದ್ದನ್ನು ಮತ್ತೊಬ್ಬರಿಗೆ ದಾಟಿಸುತ್ತ ಹೋದರು. ಕತೆ ಕುಗ್ಗಿತು. ಅರ್ಥವಾಗದ ಭಾಗ ಉದುರಿಹೋಯಿತು. ಉಳಿದದ್ದು ಓದುಗರ ಊರಿನ ಬಣ್ಣ ಪಡೆಯಿತು. ಅಮೆರಿಕದ ಗಾರ್ಡನ್ ಆಲ್‌ಪೋರ್ಟ್ ಮತ್ತು ಲಿಯೋ ಪೋಸ್ಟ್‌ಮನ್ 1947ರಲ್ಲಿ ವದಂತಿಗಳ ಬಗ್ಗೆ ಬರೆದಾಗ ಇನ್ನೊಂದು ಮಾತು ಸೇರಿಸಿದರು: ವಿಷಯ ನಮಗೆ ಎಷ್ಟು ಮುಖ್ಯ, ಅದರ ಬಗ್ಗೆ ಇರುವ ತಿಳಿವು ಎಷ್ಟು ಮಸುಕು, ಇವೆರಡರ ಗುಣಾಕಾರದಷ್ಟು ವದಂತಿಗೆ ಬಲ. ಗುಣಾಕಾರ ಎಂಬುದನ್ನು ಗಮನಿಸಬೇಕು. ಎರಡರಲ್ಲಿ ಒಂದು ಸೊನ್ನೆಯಾದರೂ ವದಂತಿ ಏಳುವುದಿಲ್ಲ. ಆನೆ ಎಲ್ಲಿದೆ ಎಂದು ಖಚಿತವಾಗಿ ಗೊತ್ತಿದ್ದರೆ ಆನೆಯ ವದಂತಿ ಇರದು. ಬೆಳೆಯೇ ಇಲ್ಲದವನಿಗೂ ಅದು ಬೇಡ.

ನಮ್ಮ ದೇಶದ ಒಂದು ಅಧ್ಯಯನ ಇದಕ್ಕಿಂತ ಆಳಕ್ಕೆ ಹೋಯಿತು, ಆದರೆ ನಮ್ಮಲ್ಲಿ ಅದರ ಹೆಸರು ಎತ್ತುವವರು ಕಡಿಮೆ. 1934ರ ಜನವರಿ 15ರಂದು ಬಿಹಾರದಲ್ಲಿ ಭಾರೀ ಭೂಕಂಪವಾಯಿತು. ಆಗ ಹರಡಿದ ವದಂತಿಗಳನ್ನು ಜಮುನಾ ಪ್ರಸಾದ್ ಎಂಬ ಮನೋವಿಜ್ಞಾನಿ ಕಲೆಹಾಕಿ ಮರುವರ್ಷ ಪ್ರಕಟಿಸಿದರು. ನೆಲ ನಡುಗಿದ್ದು ಗೊತ್ತಾಗಿಯೂ ಮನೆ ಬೀಳದ, ಜನ ಸಾಯದ ಊರುಗಳಲ್ಲಿ ಇನ್ನೂ ದೊಡ್ಡ ಆಪತ್ತು ಬರಲಿದೆ ಎಂಬ ಸುದ್ದಿಗಳು ಓಡಾಡಿದ್ದವು. ಪಾರಾದವರು ನಿರಾಳವಾಗುವ ಬದಲು ಮತ್ತಷ್ಟು ಹೆದರಿಸುವ ಮಾತನ್ನು ಏಕೆ ನಂಬಿದರು? ಎಷ್ಟೋ ವರ್ಷದ ಮೇಲೆ ಅಮೆರಿಕದ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ ಈ ಪ್ರಶ್ನೆ ಹಿಡಿದು ಕೂತರು. ಅವರಿಗೆ ಹೊಳೆದದ್ದು ಇಷ್ಟು: ಆ ಜನ ಆಗಲೇ ಹೆದರಿದ್ದರು, ಹೆದರಿಕೆಗೆ ತಕ್ಕ ಕಾರಣ ಕಣ್ಣೆದುರು ಇರಲಿಲ್ಲ, ವದಂತಿ ಆ ಕಾರಣವನ್ನು ಒದಗಿಸಿತು. ವದಂತಿಯಿಂದ ಭಯ ಹುಟ್ಟುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಮೊದಲೇ ಇದ್ದ ಭಯ ತನಗೊಂದು ವದಂತಿಯನ್ನು ಹುಡುಕಿಕೊಳ್ಳುವುದೂ ಉಂಟು. ಫೆಸ್ಟಿಂಗರ್ 1957ರಲ್ಲಿ ಮಂಡಿಸಿದ ಪ್ರಸಿದ್ಧ ಸಿದ್ಧಾಂತಕ್ಕೆ, ಮನಸ್ಸು ತನ್ನೊಳಗಿನ ಹೊಂದಾಣಿಕೆಯಿಲ್ಲದ ಎರಡು ಸಂಗತಿಗಳನ್ನು ಸಹಿಸದು ಎಂಬ ವಿಚಾರಕ್ಕೆ, ಹೊಳಹು ಸಿಕ್ಕಿದ್ದು ಬಿಹಾರದ ಆ ಊರುಗಳಿಂದ.

ಫೋನು ಬರುವ ಮೊದಲೂ ನಮ್ಮಲ್ಲಿ ಗಾಳಿಸುದ್ದಿಗೆ ಬರವಿರಲಿಲ್ಲ. ತೊಂಬತ್ತರ ದಶಕದಲ್ಲಿ ರಾತ್ರಿ ಹೊತ್ತು ದೆವ್ವವೊಂದು ಮನೆಯವರದ್ದೇ ದನಿಯಲ್ಲಿ ಬಾಗಿಲು ಬಡಿದು ಕರೆಯುತ್ತದೆ, ತೆರೆದವರು ಉಳಿಯುವುದಿಲ್ಲ ಎಂಬ ಮಾತು ಕರ್ನಾಟಕದ ಹಳ್ಳಿ-ಪಟ್ಟಣಗಳಲ್ಲೆಲ್ಲ ಹಬ್ಬಿತ್ತು. ಬಾಗಿಲ ಮೇಲೆ 'ನಾಳೆ ಬಾ' ಎಂದು ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ ಬರೆದದ್ದನ್ನು ನಮ್ಮ ವಯಸ್ಸಿನವರೆಲ್ಲ ಕಂಡಿದ್ದೇವೆ. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿಯುತ್ತಾನೆ ಎಂಬ ಸುದ್ದಿ ಒಂದೇ ದಿನದಲ್ಲಿ ದೇಶ ಸುತ್ತಿತು. ನಾನಾಗ ಪ್ರೌಢಶಾಲೆಯಲ್ಲಿದ್ದೆ. ಚನ್ನಪಟ್ಟಣದ ಎಸ್‌ಟಿಡಿ ಬೂತಿಗೆ ಬಂದ ಒಂದು ಕರೆ ಮಧ್ಯಾಹ್ನದ ಹೊತ್ತಿಗೆ ನಮ್ಮ ಬೀದಿಯನ್ನೆಲ್ಲ ದೇವಸ್ಥಾನದ ಮುಂದೆ ನಿಲ್ಲಿಸಿತ್ತು. ಚಮಚದ ಅಂಚು ಕಲ್ಲಿಗೆ ತಾಕಿದಾಗ ಮೇಲ್ಮೈ ಸೆಳೆತದಿಂದ ಹಾಲು ಹೊರಗೆಳೆದುಕೊಂಡು ಕಲ್ಲಿನ ಮೇಲೆ ತೆಳ್ಳನೆಯ ಪದರವಾಗಿ ಜಾರುತ್ತದೆ. ಬಿಳಿ ಹಾಲು ಒದ್ದೆ ವಿಗ್ರಹದ ಮೇಲೆ ಕಣ್ಣಿಗೆ ಕಾಣಿಸುವುದಿಲ್ಲ. ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ಅದು ಹರಿಯುವ ದಾರಿಯನ್ನು ತೋರಿಸಿದರು. ಆದರೂ ಆ ದಿನದ್ದು ನನ್ನ ನೆನಪಿನಲ್ಲಿ ಗಟ್ಟಿಯಾಗಿ ನಿಂತಿರುವುದು ಇನ್ನೊಂದು ಕಾರಣಕ್ಕೆ. ಬೆಳಿಗ್ಗೆ 'ಕುಡೀತದಂತೆ' ಅನ್ನುತ್ತಿದ್ದ ಜನ ಸಾಲಿನಲ್ಲಿ ನಿಂತು, ತಮ್ಮ ಕೈಯಾರೆ ಚಮಚ ಹಿಡಿದು ನೋಡಿ, ಸಂಜೆಗೆ 'ಕುಡೀತು' ಅಂದರು. ಅವರು ಸುಳ್ಳು ಹೇಳಲಿಲ್ಲ. ಕಂಡದ್ದನ್ನು ತಪ್ಪಾಗಿ ಅರ್ಥ ಮಾಡಿಕೊಂಡರು. ಅಂತೆ ಕಳಚಿದ್ದು ನೋಡಿದ ಮೇಲೆಯೇ.

ಹೀಗಾಗಿ ಅಂತೆಯನ್ನು ಸತ್ಯದ ಮುದ್ರೆ ಎಂದು ನಾನು ಹೇಳುತ್ತಿಲ್ಲ. ಅದರ ಮರೆಯಲ್ಲೇ ಎಷ್ಟೋ ಕೇಡು ನಡೆದಿದೆ. ಮದುವೆಯಾಗಬೇಕಾದ ಹುಡುಗಿಯ ಬಗ್ಗೆ 'ಹಂಗಂತೆ' ಎಂದೊಂದು ಮಾತು ಆಡಿ, ಕೇಳಿದರೆ 'ನಾನೇನು ಕಂಡೆನಾ, ಜನ ಅಂದದ್ದನ್ನ ಅಂದೆ' ಎಂದು ಕೈತೊಳೆದುಕೊಳ್ಳುವವರು ಎಲ್ಲ ಊರಲ್ಲೂ ಇದ್ದಾರೆ. ಆ ಒಂದು ಮಾತಿಗೆ ಸಂಬಂಧ ಮುರಿದುಹೋದ ಮನೆಗಳು ನನಗೆ ಗೊತ್ತು, ಅವರ ನೋವು ಇಂದಿಗೂ ಆರಿಲ್ಲ. ನಮ್ಮ ಭಾಷೆಗೂ ಇದು ಗೊತ್ತಿದೆ, ಅದಕ್ಕೇ 'ಅಂತೆಕಂತೆ' ಎಂಬ ಮಾತಿದೆ. ಬ್ರಿಟನ್ನಿನ ರಾಬಿನ್ ಡನ್‌ಬಾರ್ ಜನರ ಸಹಜ ಮಾತುಕತೆಯನ್ನು ಕೇಳಿ ಅಳೆದಾಗ ಸುಮಾರು ಮೂರರಲ್ಲಿ ಎರಡು ಪಾಲು ಹೊತ್ತು ಹೋಗುವುದು ಮನುಷ್ಯರ ವಿಚಾರಕ್ಕೇ ಎಂದು ಕಂಡುಬಂತು: ಯಾರು, ಯಾರ ಜೊತೆ, ಏನು ಮಾಡಿದರು. ನಾವು ಇರುವುದೇ ಹಾಗೆ. ಅಂತೆ ಮಾಡುವ ಉಪಕಾರ ಚಿಕ್ಕದು. ಸುದ್ದಿ ಎಷ್ಟು ದೂರದಿಂದ ಬಂದದ್ದು ಎಂದು ಅದು ಹೇಳುತ್ತದೆ, ಮತ್ತು 'ಯಾರು ಹೇಳಿದ್ದು?' ಎಂದು ಕೇಳಲು ಎದುರಿನವರಿಗೆ ಒಂದು ಸಂದು ಬಿಟ್ಟಿರುತ್ತದೆ. ಪತ್ರಿಕೆಗಳ 'ಎನ್ನಲಾಗಿದೆ', 'ತಿಳಿದುಬಂದಿದೆ' ಇದರದೇ ದಾಯಾದಿಗಳು. ಒಳ್ಳೆಯ ಉಪಸಂಪಾದಕ ಇವೆರಡರಲ್ಲಿ ಯಾವುದನ್ನು ಎಲ್ಲಿ ಹಾಕಬೇಕೆಂದು ಯೋಚಿಸಿಯೇ ಹಾಕುತ್ತಾನೆ.

ಆ ಸಂದು ಫೋನಿನಲ್ಲಿ ಮುಚ್ಚಿಹೋಯಿತು. ಬೆರಳೊತ್ತಿ ದಾಟಿಸಿದ ಸಂದೇಶ ಬಾರ್ಟ್ಲೆಟ್ ಕಂಡಂತೆ ಕುಗ್ಗುವುದಿಲ್ಲ, ಸವೆಯುವುದಿಲ್ಲ. ಸಾವಿರ ಕೈ ದಾಟಿದರೂ ಒಂದಕ್ಷರ ಆಚೀಚೆಯಾಗದೆ, ಮೊದಲು ಬರೆದವನ ದನಿಯಲ್ಲೇ ಬರುತ್ತದೆ. ಅವನು 'ಬಂದಿದ್ದಾರೆ' ಎಂದು ಬರೆದಿದ್ದರೆ ನನಗೂ 'ಬಂದಿದ್ದಾರೆ'. ನಾನು ಅದನ್ನು ನನ್ನ ಬಾಯಲ್ಲಿ ಹೇಳಿದ್ದರೆ 'ಬಂದಿದ್ದಾರಂತೆ' ಎನ್ನುತ್ತಿದ್ದೆ, ಅನ್ನದೆ ಇರಲು ಆಗುತ್ತಿರಲಿಲ್ಲ. ಪ್ರತಿ ಬಾಯಿಯೂ ಒಂದೊಂದು ಅಂತೆ ಸೇರಿಸುತ್ತಿತ್ತು, ಬೆರಳು ಸೇರಿಸುವುದಿಲ್ಲ. ಇದಕ್ಕೆ ಮನಸ್ಸಿನ ಇನ್ನೊಂದು ದೌರ್ಬಲ್ಯವೂ ಕೂಡಿಕೊಳ್ಳುತ್ತದೆ. ಕೇಳಿದ ವಿಷಯ ನೆನಪಿನಲ್ಲಿ ಉಳಿದು, ಅದಕ್ಕೂ ಹೇಳಿದವರಿಗೂ ಇದ್ದ ನಂಟು ದಿನ ಕಳೆದಂತೆ ಸಡಿಲವಾಗುತ್ತದೆ ಎಂದು ಮನೋವಿಜ್ಞಾನಿ ಕಾರ್ಲ್ ಹವ್‌ಲ್ಯಾಂಡ್ ಮತ್ತು ಜೊತೆಗಾರರು 1950ರ ಆಸುಪಾಸಿನಲ್ಲೇ ತೋರಿಸಿದ್ದರು. ಒಂದೇ ಹೇಳಿಕೆಯನ್ನು ಮತ್ತೆ ಮತ್ತೆ ಕೇಳಿದವರಿಗೆ ಅದು ನಿಜವೆಂದು ತೋರತೊಡಗುತ್ತದೆ ಎಂಬುದು 1977ರ ಇನ್ನೊಂದು ಪ್ರಯೋಗ. ಮೂರು ಗುಂಪುಗಳಲ್ಲಿ ಒಂದೇ ಸಂದೇಶ ಬಂದರೆ ಮೂರು ಸಾಕ್ಷಿ ಸಿಕ್ಕಂತೆ ಅನಿಸುತ್ತದೆ. ಸಾಕ್ಷಿ ಒಂದೂ ಇರುವುದಿಲ್ಲ.

2018ರ ಬೇಸಿಗೆಯನ್ನು ನೆನೆಯದೆ ಈ ಮಾತು ಮುಂದುವರಿಸಲಾರೆ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸಂದೇಶ ಆಗ ದಕ್ಷಿಣ ರಾಜ್ಯಗಳ ಫೋನುಗಳನ್ನೆಲ್ಲ ತುಂಬಿತ್ತು. ಜೊತೆಗೊಂದು ವಿಡಿಯೊ: ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ಬಗ್ಗೆ ಎಚ್ಚರಿಸಲು ತಯಾರಿಸಿದ್ದ ಕಿರುಚಿತ್ರ. ಮೂಲದಲ್ಲಿ ಆ ಬೈಕಿನವರು ತಿರುಗಿ ಬಂದು ಮಗುವನ್ನು ಬಿಟ್ಟು, ಮಗು ಕಳೆದುಹೋಗಲು ಎಷ್ಟು ಹೊತ್ತು ಬೇಕು ಎಂಬ ಅರ್ಥದ ಫಲಕ ಹಿಡಿಯುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದ್ದರು. ಬಾಯಿಮಾತಿನಲ್ಲಿ ನೂರು ಜನ ಸೇರಿ ಸವೆಸುತ್ತಿದ್ದ ಕತೆಯನ್ನು ಇಲ್ಲಿ ಒಂದು ಕೈ ಒಂದೇ ಏಟಿಗೆ ಕತ್ತರಿಸಿತು. ಉಳಿದವರೆಲ್ಲ ಹಾಗೆಯೇ ದಾಟಿಸಿದರು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಹಾಗೆಯೇ ಸತ್ತರು. ಜೊತೆಗಿದ್ದವರು ಗಾಯಗೊಂಡರು. ಅವರ ಕಡೆಯವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಗಿತ್ತು. ಆ ಊರಿನವರು ಕ್ರೂರಿಗಳೆಂದು ಹೇಳಿ ಮುಗಿಸುವುದು ಸುಲಭ. ಬಿಹಾರದ ಊರುಗಳನ್ನು ನೆನೆದರೆ ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ಮಕ್ಕಳನ್ನು ಬಿಟ್ಟು ಕೂಲಿಗೆ ಹೋಗುವ ತಂದೆತಾಯಿಗೆ ಭಯ ಮೊದಲೇ ಇತ್ತು, ಅದಕ್ಕೊಂದು ಮುಖ ಬೇಕಿತ್ತು, ವಿಡಿಯೊ ಮುಖ ಕೊಟ್ಟಿತು.

ಆ ವರ್ಷವೇ ಸೈನ್ಸ್ ಪತ್ರಿಕೆಯಲ್ಲಿ ಸೊರೂಶ್ ವೊಸೂಗಿ, ದೇಬ್ ರಾಯ್, ಸಿನಾನ್ ಅರಾಲ್ ಅವರ ಅಧ್ಯಯನ ಬಂತು. ಟ್ವಿಟರಿನಲ್ಲಿ ಓಡಾಡಿದ ಸುಮಾರು 1,26,000 ಸುದ್ದಿಗಳ ಜಾಡು ಹಿಡಿದಿದ್ದರು. ನಿಜಕ್ಕಿಂತ ಸುಳ್ಳು ಮರುಹಂಚಿಕೆಯಾಗುವ ಸಂಭವ ನೂರಕ್ಕೆ 70ರಷ್ಟು ಹೆಚ್ಚು, ಮತ್ತು 1,500 ಜನರನ್ನು ಮುಟ್ಟಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೊತ್ತು ಬೇಕಾಯಿತು. ಯಂತ್ರಗಳ ಖಾತೆಗಳನ್ನು ತೆಗೆದು ಎಣಿಸಿದರೂ ಫಲಿತಾಂಶ ಬದಲಾಗಲಿಲ್ಲ. ಅಂದರೆ ಹರಡಿದವರು ಮನುಷ್ಯರೇ. ಸುಳ್ಳಿನಲ್ಲಿ ಹೊಸತನ ಹೆಚ್ಚು, ಬೆರಗು ಹೆಚ್ಚು. ಮೊದಲು ತಿಳಿಸಿದವನೆಂಬ ಗೌರವ ಅರಳಿಕಟ್ಟೆಯಲ್ಲೂ ಇತ್ತು, ಫೋನಲ್ಲೂ ಇದೆ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. 1964ರಲ್ಲಿ ಡೇಲಿ ಮತ್ತು ಕೆಂಡಾಲ್ ಎಂಬ ಗಣಿತಜ್ಞರು ವದಂತಿಯನ್ನು ಸಾಂಕ್ರಾಮಿಕ ರೋಗದ ಹಾಗೆ ಲೆಕ್ಕ ಹಾಕಿದರು. ಜನರಲ್ಲಿ ಮೂರು ಪಂಗಡ: ಇನ್ನೂ ಕೇಳದವರು, ಕೇಳಿ ಹೇಳುತ್ತಿರುವವರು, ಕೇಳಿಯೂ ಸುಮ್ಮನಾದವರು. ಹೇಳಲು ಹೊರಟವನಿಗೆ ಆಗಲೇ ಕೇಳಿದವರು ಎದುರಾದರೆ ಅವನ ಉತ್ಸಾಹ ಅಲ್ಲಿಗೆ ನಿಲ್ಲುತ್ತದೆ. ಈ ಸರಳ ನಿಯಮದಿಂದ ಹೊರಟ ಲೆಕ್ಕ ಹೇಳಿದ್ದು, ವದಂತಿ ಎಲ್ಲರನ್ನೂ ಮುಟ್ಟುವ ಮೊದಲೇ ಸಾಯುತ್ತದೆ, ಸುಮಾರು ಐದರಲ್ಲಿ ಒಂದು ಪಾಲು ಜನಕ್ಕೆ ಅದು ತಲುಪುವುದೇ ಇಲ್ಲ. ನಮ್ಮ ಡೇರಿ ಸಾಲಿನಲ್ಲಿ ಇದನ್ನು ದಿನಾ ಕಾಣಬಹುದು. 'ಅಯ್ಯೋ, ಅದ ನೆನ್ನೆನೇ ಕೇಳಿದೀನಿ ಬುಡು' ಎಂದು ಒಬ್ಬರು ಅಂದರೆ ಹೇಳಬಂದವರು ಬೇರೆ ಮಾತಿಗೆ ಹೋಗುತ್ತಾರೆ. ಫೋನಿನ ಗುಂಪಿನಲ್ಲಿ ಆ ಮಾತನ್ನು ಯಾರೂ ಆಡುವುದಿಲ್ಲ. ಇನ್ನೂರು ಜನ ಓದಿ ಸುಮ್ಮನಿದ್ದರೂ ಕಳಿಸಿದವನಿಗೆ ಅವರ ಬೇಸರದ ಮುಖ ಕಾಣದು. ವದಂತಿಯನ್ನು ಸಾಯಿಸುತ್ತಿದ್ದದ್ದು ಸತ್ಯಕ್ಕಿಂತ ಹೆಚ್ಚಾಗಿ ಈ ಬೇಸರವೇ ಇರಬೇಕು ಎಂದು ನನ್ನ ಊಹೆ.

ಹಾಗಾಗಿ ಸರ್ಕಾರಗಳೂ ಕಂಪನಿಗಳೂ ಕೈಹಾಕಿದ್ದು ವೇಗಕ್ಕೆ. 2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗುತ್ತದೆಂಬ ಎಸ್ಸೆಮ್ಮೆಸ್ಸು ಹರಡಿ ಸಾವಿರಾರು ಜನ ಗುವಾಹಟಿ ರೈಲು ಹತ್ತಿ ಬೆಂಗಳೂರು ಬಿಟ್ಟಾಗ, ಕೇಂದ್ರ ಸರ್ಕಾರ ಒಟ್ಟಿಗೆ ಕಳಿಸಬಹುದಾದ ಎಸ್ಸೆಮ್ಮೆಸ್ಸನ್ನು ಹದಿನೈದು ದಿನ ಐದಕ್ಕೆ ಇಳಿಸಲು ಆದೇಶಿಸಿತು. ವಾಟ್ಸ್‌ಆ್ಯಪ್ 2018ರ ಜುಲೈನಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಷ್ಟೇ ಎಂದು ಕಟ್ಟಿಹಾಕಿತು. ಆಗ ಒಂದು ಗುಂಪಿನಲ್ಲಿ 256 ಜನ ಇರಬಹುದಿತ್ತು. ಐದೂ ಗುಂಪುಗಳೇ ಆದರೆ ಅಷ್ಟರಲ್ಲೇ 1,280 ಜನ. 2020ರ ಏಪ್ರಿಲಿನಲ್ಲಿ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಎಂದು ಇನ್ನಷ್ಟು ಬಿಗಿ ಮಾಡಿದಾಗ ಅಂಥವುಗಳ ಓಡಾಟ ನೂರಕ್ಕೆ 70ರಷ್ಟು ಇಳಿಯಿತೆಂದು ಕಂಪನಿ ಹೇಳಿತು. ನನಗೆ ಇದಕ್ಕಿಂತ ಮುಖ್ಯವಾಗಿ ಕಂಡದ್ದು ಇನ್ನೊಂದು. ಅದೇ 2018ರ ಜುಲೈನಲ್ಲಿ ದಾಟಿಬಂದ ಸಂದೇಶದ ನೆತ್ತಿಯ ಮೇಲೆ ಒಂದು ಬಾಣದ ಗುರುತು ಬಂತು, ಮರುವರ್ಷ ಬಹಳ ಕೈ ದಾಟಿದ್ದಕ್ಕೆ ಜೋಡಿ ಬಾಣ. ಬರೆದವರು ಇವರಲ್ಲ, ಎಲ್ಲಿಂದಲೋ ಬಂದದ್ದು ಎಂದು ಅದರ ಅರ್ಥ. ನಮ್ಮ ಅಜ್ಜಿಯರು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಅಂತೆಯನ್ನು ಎಂಜಿನಿಯರುಗಳು ಮತ್ತೆ ಕಂಡುಹಿಡಿಯಬೇಕಾಯಿತು. ನಕಲು ಮಾಡಿ ಅಂಟಿಸಿದರೆ ಆ ಗುರುತು ಕಳಚಿಹೋಗುತ್ತದೆ, ಸಂದೇಶ ಮತ್ತೆ ಕಂಡವರು ಬರೆದಂತೆ ಆಗಿಬಿಡುತ್ತದೆ.

ಫೋನನ್ನು ದೂರಲು ನಾನು ಹೊರಟಿಲ್ಲ. ಅದೇ ಫೋನಿನಲ್ಲಿ ನಿಜವಾದ ಸುದ್ದಿ ಗಾಳಿಸುದ್ದಿಯಷ್ಟೇ ಬೇಗ ಓಡುವುದನ್ನು ರಾಮನಗರದಲ್ಲಿ ದಿನವೂ ನೋಡುತ್ತೇನೆ. ಇಲ್ಲಿನ ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಬೆಳಿಗ್ಗೆ ಒಳಗೆ ಕಾಲಿಟ್ಟರೆ ಹುಳದ ಹಸಿ ವಾಸನೆ, ಹಳದಿ ಮಿಶ್ರತಳಿ ಗೂಡು ಒಂದು ಕಡೆ, ಬಿಳಿ ದ್ವಿತಳಿ ಗೂಡು ಇನ್ನೊಂದು ಕಡೆ. ಕನಕಪುರ, ಮಾಗಡಿಯಷ್ಟೇ ಅಲ್ಲ, ದೂರದ ಜಿಲ್ಲೆಗಳಿಂದ, ಆಂಧ್ರ-ತಮಿಳುನಾಡಿನ ಕಡೆಯಿಂದ ರಾತ್ರಿಯೆಲ್ಲ ಗಾಡಿಯಲ್ಲಿ ಬಂದ ರೈತರು ತಮ್ಮ ಗೂಡಿನ ರಾಶಿಯ, ಅಂದರೆ ಲಾಟಿನ, ಪಕ್ಕದಲ್ಲೇ ಒರಗಿರುತ್ತಾರೆ. ಅವರಿಗೆ ಕಾಯುವ ಅನುಕೂಲವಿಲ್ಲ. ಹುಳು ಪೊರೆ ಬಿಡುವ ನಾಲ್ಕು ಜ್ವರ ಎದ್ದು, ಹಣ್ಣಾಗಿ, ಚಂದ್ರಿಕೆ ಎಂಬ ತಟ್ಟಿಯಲ್ಲಿ ಗೂಡು ಕಟ್ಟಿದ ಐದಾರು ದಿನಕ್ಕೆ ಬಿಡಿಸಬೇಕು. ಹತ್ತು-ಹನ್ನೆರಡು ದಿನ ಕಳೆದರೆ ಒಳಗಿನ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ, ತೂತು ಬಿದ್ದ ಗೂಡಿನಿಂದ ಉದ್ದನೆಯ ಎಳೆ ಬಿಚ್ಚಲಾಗದು. ಒಂದು ತಿಂಗಳ ನಿದ್ದೆಗೆಟ್ಟ ದುಡಿಮೆಯ ಬೆಲೆ ಆ ಒಂದು ಬೆಳಿಗ್ಗೆ ತೀರ್ಮಾನವಾಗಬೇಕು. ಹಿಂದೆ ಕೂಗಿ ಹರಾಜು ನಡೆಯುತ್ತಿತ್ತು. ಈಗ ನೂಲು ಬಿಚ್ಚಾಣಿಕೆದಾರರು ಲಾಟುಗಳ ನಡುವೆ ಓಡಾಡಿ, ಗೂಡನ್ನು ಕೈಯಲ್ಲಿ ಹಿಡಿದು, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಮೊಬೈಲಿನಲ್ಲೇ ಬೆಲೆ ಒತ್ತುತ್ತಾರೆ.

'ಇವತ್ತು ಏನ್ ರೇಟು?' ಎಂಬ ಪ್ರಶ್ನೆ ಆ ಹೊತ್ತಿಗೆ ಎಷ್ಟು ಫೋನುಗಳಲ್ಲಿ ಓಡಾಡುತ್ತದೋ. ನಾಳೆ ಗೂಡು ಬಿಡಿಸಬೇಕಾದ ಮಾಗಡಿಯ ರೈತ, ರಾಮನಗರಕ್ಕೆ ಹೋಗಲೋ ಬೇರೆ ಮಾರುಕಟ್ಟೆಗೋ ಎಂದು ತೂಗುತ್ತಿರುವವನು, ಉತ್ತರಕ್ಕೆ ಕಾಯುತ್ತಿರುತ್ತಾನೆ. ಇದರ ಪರಿಣಾಮವನ್ನು ಅಚ್ಚುಕಟ್ಟಾಗಿ ಅಳೆದದ್ದು ಕೇರಳದ ಕಡಲಲ್ಲಿ. ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞ 1997ರಿಂದ 2001ರವರೆಗೆ ಉತ್ತರ ಕೇರಳದ ಕರಾವಳಿಗೆ ಮೊಬೈಲ್ ಟವರುಗಳು ಬರುತ್ತಿದ್ದ ಕಾಲದಲ್ಲಿ ಮತ್ತಿ ಮೀನಿನ ಬೆಲೆಯನ್ನು ದಾಖಲಿಸಿದರು. ಅದಕ್ಕೆ ಮೊದಲು ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಮೀನು ಎಸೆಯುತ್ತಿದ್ದರೆ ಹತ್ತಿರದ ಇನ್ನೊಂದು ದಡದಲ್ಲಿ ಮೀನೇ ಇರುತ್ತಿರಲಿಲ್ಲ. ಫೋನು ಬಂದ ಮೇಲೆ ದೋಣಿಯಿಂದಲೇ ಬೆಲೆ ಕೇಳಿ ದಡ ಆರಿಸಿಕೊಂಡರು. ಎಸೆಯುವುದು ನಿಂತಿತು, ಬೆಸ್ತರ ಲಾಭ ನೂರಕ್ಕೆ ಎಂಟರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ನೂರಕ್ಕೆ ನಾಲ್ಕರಷ್ಟು ಇಳಿಯಿತು. ಮೀನೂ ಗೂಡೂ ಕಾಯುವ ಸರಕಲ್ಲ, ಆದ್ದರಿಂದ ಸುದ್ದಿಯ ಬೆಲೆ ಅಲ್ಲಿ ಜಾಸ್ತಿ.

ಗೂಡಿನ ರೇಟಿನ ಸುಳ್ಳು ಏಕೆ ಹಬ್ಬುವುದಿಲ್ಲ? ಹಬ್ಬಿಸಲು ನೋಡುವವರು ಇಲ್ಲವೆಂದಲ್ಲ. ಆದರೆ ಆ ಸುಳ್ಳಿಗೆ ಆಯಸ್ಸು ಮಧ್ಯಾಹ್ನದವರೆಗೆ. ಅಷ್ಟರಲ್ಲಿ ಲಾಟು ಬಿಕರಿಯಾಗಿ, ಬೆಲೆ ಗೊತ್ತಾಗಿ, ಬೆಳಿಗ್ಗೆ ಹೇಳಿದವನ ಮಾತು ಎಲ್ಲರ ಕಣ್ಣೆದುರು ತೂಗಲ್ಪಡುತ್ತದೆ. ಎರಡು ಸಲ ತಪ್ಪಿದವನನ್ನು ಮೂರನೇ ಸಲ ಯಾರೂ ಕೇಳುವುದಿಲ್ಲ. ಕೇಳುವವನಿಗೆ ನಷ್ಟದ ಭಯ, ಹೇಳುವವನಿಗೆ ಮರ್ಯಾದೆಯ ಭಯ. ಮಕ್ಕಳ ಕಳ್ಳರ ಸಂದೇಶಕ್ಕೆ ಅಂಥ ಮಾರುಕಟ್ಟೆಯಿಲ್ಲ. ಕಳ್ಳ ಬರದಿದ್ದರೆ 'ನಾವು ಎಚ್ಚರವಾಗಿದ್ದೆವು, ಅದಕ್ಕೇ ಬರಲಿಲ್ಲ' ಎಂದಾಗುತ್ತದೆ. ಅದು ಸುಳ್ಳೆಂದು ತೀರುವ ದಿನವೇ ಬರುವುದಿಲ್ಲ.

ನಾನೂ ಹೀಗೊಂದು ದಾಟಿಸಿದ್ದೇನೆ. ಕಾಂಪೌಂಡ್ ಗೋಡೆಯ ಮೇಲೆ ಚಿರತೆ ಕೂತಿದ್ದ ಚಿತ್ರ, ಕೆಳಗೆ ಸಾವನದುರ್ಗದ ತಪ್ಪಲಲ್ಲಿ ಚಿರತೆ ಪ್ರತ್ಯಕ್ಷ ಎಂಬ ಬರಹ. ಮಾಗಡಿ ಕಡೆ ನಮ್ಮ ಸೋದರತ್ತೆ ಇದ್ದಾರೆ, ಬೆಟ್ಟದ ಸೆರಗಿನಲ್ಲಿ ಹುಲ್ಲು ಕೊಯ್ಯುತ್ತಾರೆ. ಆ ಕಡೆ ಚಿರತೆ ಓಡಾಡುವುದು ನಿಜವೂ ಹೌದು. ಒಳ್ಳೆಯದಾಗಲಿ ಎಂದೇ ಕಳಿಸಿದೆ. ಅವರು ಎಂಟು ದಿನ ಹುಲ್ಲಿಗೆ ಹೋಗಲಿಲ್ಲ, ಎರಡು ಹಸುವಿಗೆ ಮೇವು ಕೊಂಡು ಹಾಕಿದರು. ಆಮೇಲೆ ತಿಳಿಯಿತು, ಚಿತ್ರ ಬೇರೆ ರಾಜ್ಯದ್ದು, ಹಳೆಯದು. ಫೋನು ಮಾಡಿ ಹೇಳಿದೆ. ಬೈಯಲಿಲ್ಲ. "ನೀನು ಬರ್ದಿದ್ದು ಕಂಡೋರು ಬರ್ದಂಗಿತ್ತು ಮಗ" ಅಂದರು. ಬರೆದದ್ದು ನಾನಲ್ಲ ಎಂದು ಹೇಳಲು ಹೋಗಿ ನಿಲ್ಲಿಸಿದೆ. ಕಳಿಸಿದ್ದು ನಾನೇ.

ಅಮೆರಿಕ-ಕೆನಡಾದ ಸಂಶೋಧಕರು, ಗಾರ್ಡನ್ ಪೆನಿಕುಕ್, ಡೇವಿಡ್ ರ‍್ಯಾಂಡ್ ಮತ್ತಿತರರು, 2021ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಪ್ರಯೋಗ ವರದಿ ಮಾಡಿದರು. ಜನರಿಗೆ ನೀತಿ ಹೇಳಲಿಲ್ಲ, ಸುಳ್ಳನ್ನು ಖಂಡಿಸಲಿಲ್ಲ. ಸಂಬಂಧವೇ ಇಲ್ಲದ ಒಂದು ಸುದ್ದಿಯ ತಲೆಬರಹ ತೋರಿಸಿ, ಇದು ನಿಜವೆಂದು ನಿಮಗೆ ಅನಿಸುತ್ತದೆಯೇ ಎಂದು ಒಂದೇ ಪ್ರಶ್ನೆ ಕೇಳಿದರು. ಅದಾದ ಮೇಲೆ ಆ ಜನ ಹಂಚಿದ ಸುದ್ದಿಗಳ ಗುಣಮಟ್ಟ ತುಸು ಸುಧಾರಿಸಿತು. ಬಹಳಷ್ಟು ಜನಕ್ಕೆ ನಿಜ-ಸುಳ್ಳು ತಿಳಿಯುವುದಿಲ್ಲವೆಂದಲ್ಲ, ಹಂಚುವ ಹೊತ್ತಿಗೆ ಆ ಕಡೆ ಗಮನ ಇರುವುದಿಲ್ಲ ಎಂದು ಅವರು ಕಂಡುಕೊಂಡರು. ಪರಿಣಾಮ ದೊಡ್ಡದಲ್ಲ, ಆದರೆ ಆ ಪ್ರಶ್ನೆ ನಮಗೆ ಹೊಸದೂ ಅಲ್ಲ. ಡೇರಿ ಸಾಲಿನಲ್ಲಿ 'ಯಾರ್ ಕಂಡೋರು?' ಎಂದದ್ದು ಅದೇ.

ಈಚೆಗೆ ನಮ್ಮೂರಿನ ಗುಂಪಿನಲ್ಲಿ ನಾನು ಗಮನಿಸುತ್ತಿರುವ ಒಂದು ಸಂಗತಿ ಇದೆ. ಟೈಪು ಮಾಡಲು ಬಾರದ ಹಿರಿಯರು ದನಿ ಸಂದೇಶ ಕಳಿಸುತ್ತಾರೆ. ಬರಹದಲ್ಲಿ ಕಾಣೆಯಾದ ಅಂತೆ ಆ ದನಿಗಳಲ್ಲಿ ಮತ್ತೆ ಕೇಳಿಸುತ್ತದೆ, ಮಾತಾಡುವಾಗ ಬಿಡಲು ಅವರಿಗೆ ಬರುವುದಿಲ್ಲ. ಮೊನ್ನೆ ರಾತ್ರಿ ಒಂಬತ್ತೂವರೆಗೆ ಬಂದ ಒಂದನ್ನು ನಾನು ಅಳಿಸದೆ ಇಟ್ಟುಕೊಂಡಿದ್ದೇನೆ. ಹಿನ್ನೆಲೆಯಲ್ಲಿ ನಾಯಿ ಬೊಗಳುತ್ತಿದೆ, ದೂರದಲ್ಲಿ ಯಾರೋ ತಗಡು ಬಡಿಯುತ್ತಿದ್ದಾರೆ.

"ಕೆರೆ ಏರಿ ತಾವ ಎರಡು ಆನೆ ನಿಂತವಂತೆ. ನಾನ್ ಕಂಡಿಲ್ಲ. ಪಂಪಿಗ್ ಹೋಗಿದ್ದ ಹುಡುಗ ಕಂಡು ಬಂದವ್ನೆ, ಇಲ್ಲೇ ಅವ್ನೆ, ಅವ್ನ ಕೈಲೇ ಕೊಡ್ತೀನಿ ತಡೀರಿ."